ನನ್ನ ಮುಖಕ್ಕೆ ಅವಳ ದನಿ

ನನ್ನ ಗಂಟಲು ದೊಡ್ಡದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ರಾಮಾಯಣವೆಲ್ಲ ನಡೆದದ್ದು ಅದರಿಂದಲೇ. ನ್ಯಾಮತಿ ಬಸ್ ಸ್ಟ್ಯಾಂಡಿನ ಹತ್ತಿರ ಅವ್ವನದೊಂದು ಸಣ್ಣ ಹೋಟೆಲಿದೆ. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡ. ಅಂದಿನಿಂದ ಒಲೆ, ಗಲ್ಲಾ, ನಾನು, ಎಲ್ಲವನ್ನೂ ಅವ್ವ ಒಬ್ಬಳೇ ಸಂಭಾಳಿಸಿದಳು. ಬಸ್ಸಿನ ಹಾರ್ನು, ಕಂಡಕ್ಟರರ ಕೂಗು, ಬಾಂಡಲಿಯ ಚರ್ ಎನ್ನುವ ಸದ್ದು, ಇಷ್ಟರ ನಡುವೆ 'ಎರಡು ಖಾಲಿ ದೋಸೆ, ಒಂದು ಮಂಡಕ್ಕಿ ಮಿರ್ಚಿ' ಎಂದರೆ ಒಳಗೆ ಕೇಳಿಸಬೇಕಲ್ಲ! ಅವ್ವನೂ ಕೂಗುತ್ತಾಳೆ, ನಾನೂ ಕೂಗುತ್ತೇನೆ. ನಮ್ಮಿಬ್ಬರ ಮುದ್ದು ಮಾತು ಕೇಳಿದರೂ ಹೊಸಬರು ಜಗಳವೆಂದುಕೊಂಡು ತಟ್ಟೆ ಬಿಟ್ಟು ನೋಡುತ್ತಿದ್ದರು.

ಪದವಿಗೆ ಹೊನ್ನಾಳಿಯ ಕಾಲೇಜು ಸೇರಿದೆ. ಕೊನೆಯ ವರ್ಷ ಹೊಸದೊಂದು ವಿಷಯ ಬಂತು: ಡಿಜಿಟಲ್ ಬರವಣಿಗೆ ಮತ್ತು ಬಹುಮಾಧ್ಯಮ ಮನವೊಲಿಕೆ. ಹೆಸರು ಕೇಳಿಯೇ ಅರ್ಧ ತರಗತಿ ನಕ್ಕಿತ್ತು. ಆದರೆ ಪಾಠ ಮಾಡಲು ಬಂದ ಮೇಡಂ ನಮ್ಮ ನಗುವನ್ನು ಮೊದಲ ದಿನವೇ ನಿಲ್ಲಿಸಿದರು. ಒಂದು ಸೋಪಿನ ಜಾಹೀರಾತನ್ನು ಮೊದಲು ಸದ್ದಿಲ್ಲದೆ ತೋರಿಸಿದರು, ಆಮೇಲೆ ಚಿತ್ರವಿಲ್ಲದೆ ಕೇಳಿಸಿದರು. "ಈಗ ಹೇಳಿ, ನಿಮ್ಮನ್ನ ಬೀಳಿಸಿದ್ದು ಯಾವುದು?" ಎಂದರು. ಅಕ್ಷರ, ಚಿತ್ರ, ಸದ್ದು ಮೂರೂ ಸೇರಿ ಒಬ್ಬ ಮನುಷ್ಯನನ್ನು ಹೇಗೆ ಒಪ್ಪಿಸುತ್ತವೆ ಎನ್ನುವುದೇ ಆ ವಿಷಯ. ಅವರು ಪದೇ ಪದೇ ಹೇಳುತ್ತಿದ್ದುದು ಎರಡು ಮಾತು. ತೋರಿಸಿದ್ದನ್ನಲ್ಲ, ಬಿಟ್ಟಿದ್ದನ್ನು ಹುಡುಕಿ. ಮತ್ತೆ, ಹಿಂದಿನ ಸದ್ದನ್ನು ಕೇಳಿ. ಅದು ಇಲ್ಲವಾದರೆ ತೆಗೆದವರು ಯಾರು ಅಂತ ಕೇಳಿ.

ನನಗಂತೂ ಹುಚ್ಚು ಹಿಡಿಯಿತು. ಸಂಜೆ ಬಂದವಳೇ ಬ್ಯಾಗು ಮೂಲೆಗೆಸೆದು ಅವ್ವನಿಗೆ ಅಂದಿನ ಪಾಠವನ್ನೆಲ್ಲ ಒಪ್ಪಿಸುತ್ತಿದ್ದೆ. ಅವ್ವ ಮೆಣಸಿನಕಾಯಿ ಸೀಳುತ್ತಾ ಕೇಳುತ್ತಿದ್ದಳು.

"ಹಂಗಾರೆ ಮಕ ಮೊದ್ಲು ತೋರ್ಸಬಾರ್ದಾ?"

"ಮೊದ್ಲು ಕೈ ತೋರ್ಸು ಅಂತಾರವ್ವ. ನೋಡೋರಿಗೆ ಮಕ ನೋಡೋ ಆಸೆ ಹುಟ್ಟಬೇಕು."

"ಅಬ್ಬಬ್ಬಾ! ಓದಾಕೆ ಹೋಗ್ತೀಯೋ, ಮಾಟ ಕಲ್ಯಾಕೆ ಹೋಗ್ತೀಯೋ!" ಎಂದು ನಗುತ್ತಿದ್ದಳು. ಮರುದಿನ ಮತ್ತೆ ತಾನೇ "ಇವತ್ತೇನು ಹೇಳಿದ್ರು?" ಎಂದು ಕೇಳುತ್ತಿದ್ದಳು. ನನ್ನ ಓದನ್ನು ಇಷ್ಟು ಆಸೆಯಿಂದ ಕೇಳುವ ತಾಯಿ ಯಾರಿಗಿದ್ದಾಳೆ ಎಂದು ನಾನು ಬೀಗುತ್ತಿದ್ದೆ. ಅದೂ ಅಲ್ಲದೆ ಅವ್ವ ನನ್ನ ತಲೆ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು: ಡಿಗ್ರಿ ಮುಗಿಸಿ, ಶಿವಮೊಗ್ಗದಲ್ಲಿ ಪತ್ರಿಕೋದ್ಯಮ ಓದಿ ಮುಗಿಸುವ ತನಕ ನಿನ್ನ ಮದುವೆ ಮಾತು ನನ್ನ ಬಾಯಲ್ಲಿ ಬರುವುದಿಲ್ಲ ಎಂದು. ನನ್ನ ಪಾಲಿಗೆ ಆ ಮಾತು ಕಲ್ಲಿನ ಮೇಲೆ ಬರೆದದ್ದು.

ವರ್ಷದ ಕೊನೆಗೆ ಜೋಡಿ ಕೆಲಸ ಕೊಟ್ಟರು. ಇಬ್ಬಿಬ್ಬರು ಸೇರಬೇಕು, ಒಬ್ಬರ ಇಡೀ ದಿನವನ್ನು ಇನ್ನೊಬ್ಬರು ಮೊಬೈಲಿನಲ್ಲಿ ಹಿಡಿಯಬೇಕು. ಆ ಚಿತ್ರಗಳಿಂದ ಇಬ್ಬರೂ ಬೇರೆ ಬೇರೆಯಾಗಿ ಒಂದೊಂದು ಪುಟ್ಟ ವಿಡಿಯೋ ಮಾಡಬೇಕು. ಷರತ್ತು ಒಂದೇ: ಆ ವಿಡಿಯೋ ನೋಡಿ ಯಾರಾದರೂ ನಿಜವಾದ ಮನುಷ್ಯರು ನಿಜವಾಗಿ ಏನಾದರೂ ಮಾಡಿರಬೇಕು, ಅದಕ್ಕೆ ಪುರಾವೆ ತರಬೇಕು. ನನ್ನ ಜೋಡಿ ಗೋವಿನಕೋವಿಯ ಹುಡುಗಿ, ಮೊದಲ ವರ್ಷದಿಂದಲೂ ನನ್ನ ಬೆಂಚಿನವಳು. ಅವಳ ದನಿ ಎಂದರೆ ಬೆಣ್ಣೆ. ರಜೆ ಬಂತೆಂದರೆ ನಮ್ಮ ಹೋಟೆಲಿನಲ್ಲೇ ಠಿಕಾಣಿ. ಅವ್ವ ಅವಳಿಗೆ ಕಾಸು ಕೇಳಿದವಳಲ್ಲ, ನನಗಿಂತ ಮೊದಲು ಅವಳ ತಟ್ಟೆಗೆ ಚಟ್ನಿ ಹಾಕುತ್ತಿದ್ದಳು.

ಅವಳು ನನ್ನನ್ನು ಹಿಡಿದದ್ದು ಒಂದು ಶನಿವಾರ. ನಾನು ಟೀ ಸೋಸಿದ್ದು, ಲೋಟ ತೊಳೆದದ್ದು, ಬಾಕಿ ಇಟ್ಟು ಓಡುತ್ತಿದ್ದವನನ್ನು ಬೀದಿಯಲ್ಲೇ ನಿಲ್ಲಿಸಿ ದಬಾಯಿಸಿದ್ದು, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಗಲ್ಲಾದಲ್ಲಿ ಕೂತು ಓದಿದ್ದು, ಎಲ್ಲ ಹಿಡಿದಳು. ಕ್ಯಾಮೆರಾಕ್ಕೆ ಮುಖ ಕೊಟ್ಟು, "ನಾನು ಪತ್ರಕರ್ತೆ ಆಗಾಕೆ ಹೊಂಟಿದೀನಿ, ಅಡ್ಡ ಬಂದೋರಿಗೆ ಐತೆ ಹಬ್ಬ!" ಎಂದು ಕೂಗಿದ್ದೂ ಅದರಲ್ಲಿತ್ತು. ನಾನು ಅವಳ ದಿನವನ್ನು ಹಿಡಿದು, ಹುಡುಗಿಯರಿಗೆ ಸಂಜೆ ಇನ್ನೊಂದು ಬಸ್ಸು ಬೇಕೆಂದು ವಿಡಿಯೋ ಮಾಡಿ ಡಿಪೋಗೆ ಕಳಿಸಿದೆ. ಡಿಪೋದವರು ಉತ್ತರ ಕೊಡಲಿಲ್ಲ. ಪುರಾವೆ ಇಲ್ಲದ ನನಗೆ ಸಾಧಾರಣ ಅಂಕ ಬಂತು.

ಅವಳ ವಿಡಿಯೋ ತೋರಿಸುವ ದಿನ ಅವ್ವ ನನ್ನನ್ನು ಬಿಡಲೊಲ್ಲಳು. "ಇವತ್ತು ಹೋಟ್ಲಾಗೆ ಜನ ಜಾಸ್ತಿ, ಒಂದಿನ ಹೋಗದಿದ್ರೆ ಏನು ಮುಳುಗ್ತೈತೆ?" ಎಂದಳು. ಗೆಳತಿಯ ದಿನ ನಾನಿಲ್ಲದಿದ್ದರೆ ಹೇಗೆ? ಬೆಳಗಿನ ಗದ್ದಲ ಮುಗಿಸಿ, ಅವ್ವ ಹಿತ್ತಿಲಿಗೆ ಹೋದದ್ದು ನೋಡಿ, ಸಿಕ್ಕ ಬಸ್ಸು ಹತ್ತಿದೆ. ಕಿಟಕಿ ಮುಚ್ಚಿದ್ದ ತರಗತಿಯ ಕೋಣೆಗೆ ಹಿಂದಿನ ಬಾಗಿಲಿನಿಂದ ನುಗ್ಗಿದಾಗ ಪರದೆಯ ಮೇಲೆ ಒಂದು ಕೈ ನಿಧಾನವಾಗಿ ಟೀ ಸುರಿಯುತ್ತಿತ್ತು. ಹಿಂದೆ ಕೊಳಲು. ಎಷ್ಟು ಚೆಂದ ಇದೆಯಲ್ಲ ಅಂದುಕೊಂಡೆ. ಆಮೇಲೆ ಮಣಿಕಟ್ಟಿನ ಸುಟ್ಟ ಕಲೆ ಕಂಡಿತು. ಅದು ಬಾಂಡಲಿ ತಗುಲಿ ನನಗೇ ಆದದ್ದು.

ಮುಖ ಬಂತು. ನನ್ನದೇ, ಆದರೆ ಕನ್ನಡಕವಿಲ್ಲ, ತಲೆ ತಗ್ಗಿಸಿ ಲೋಟ ಒರೆಸುತ್ತಿದ್ದೇನೆ. ಗಲ್ಲಾ ಇಲ್ಲ, ಬೆಂಚಿಲ್ಲ, ಗಿರಾಕಿಗಳಿಲ್ಲ. ಯಾವುದೋ ಮನೆಯ ಅಡುಗೆಮನೆ ಎನ್ನಬೇಕು. ನನ್ನ ತುಟಿ ಅಲ್ಲಾಡುವ ಒಂದು ಚಿತ್ರವೂ ಇರಲಿಲ್ಲ. ಮೇಲಿಂದ ಮೆಲ್ಲನೆಯ ದನಿಯೊಂದು ಹರಿಯಿತು: "ನಂಗೆ ಅವ್ವನೇ ಪ್ರಪಂಚ. ಅಡುಗೆ ಅಂದ್ರೆ ಇಷ್ಟ. ಹಿರಿಯರು ಹೇಳಿದಂಗೆ ನಡೆಯೋದು ಇನ್ನೂ ಇಷ್ಟ." ನನ್ನ ಮುಖ, ಅವಳ ದನಿ! ಕೊನೆಗೆ ಅಕ್ಷರ ಮೂಡಿತು: ಸುಸಂಸ್ಕೃತ ಕುಟುಂಬದ ಹುಡುಗಿ.

ತರಗತಿ ಚಪ್ಪಾಳೆ ಹೊಡೆಯಿತು. ಮೇಡಂ ಪುರಾವೆ ಕೇಳಿದರು. ಗೆಳತಿ ತನ್ನ ಮೊಬೈಲನ್ನು ಮೈಕಿಗೆ ಹಿಡಿದಳು. ಹೋಟೆಲಿನ ಗದ್ದಲ, ಬಸ್ಸಿನ ಹಾರ್ನು, ಅದರ ಮೇಲೆ ನನ್ನ ಅವ್ವನ ಗಂಟಲು: "ಜಗಳೂರು ಕಡೆಯೋರು ಭಾನುವಾರ ನೋಡಾಕೆ ಬರ್ತಾರಂತೆ ಕಣವ್ವ! ವಿಡಿಯೋ ನೋಡೇ ಒಪ್ಯಾರೆ. ನಾನು ಹೇಳ್ದಂಗೇ ಮಾಡೀಯ, ನಿನ್ನ ಹೊಟ್ಟೆ ತಣ್ಣಗಿರ್ಲಿ. ಅವಳಿಗೆ ಮಾತ್ರ ಈಗ್ಲೇ ಹೇಳಬ್ಯಾಡ."

ನಾನು ಎದ್ದು, "ಯಾರಿಗೆ ಹೇಳಬ್ಯಾಡ?" ಎಂದೆ. ಜೋರಾಗಿ ಅನ್ನಬೇಕೆಂದು ಅಂದದ್ದಲ್ಲ, ನನ್ನ ಗಂಟಲೇ ಅಷ್ಟು. ಎಲ್ಲರೂ ತಿರುಗಿದರು. ಗೆಳತಿ ಇಂಗು ತಿಂದ ಮಂಗನಂತೆ ನಿಂತಳು.

ಹೊರಗೆ ವರಾಂಡದಲ್ಲಿ ಅವಳ ತೋಳು ಹಿಡಿದು ಕೇಳಿದೆ, "ನನ್ನ ದನಿಗೇನಾಗಿತ್ತೇ?"

"ನಿನ್ನ ದನಿ ಹಾಕಿದ್ರೆ ಯಾರು ಬರ್ತಿದ್ರೇ?" ಎಂದಳು. ಅಳುತ್ತಲೇ ಅಂದಳು, ಆದರೂ ಅಂದಳು. "ನಿಮ್ಮವ್ವನೇ ಕೇಳಿದ್ಲು. ನಿನ್ನ ಒಳ್ಳೇದಕ್ಕೇ ಮಾಡಿದ್ದು ಕಣೇ."

ಒಳ್ಳೇದಕ್ಕಂತೆ! ಅಂಕ ಬಂದದ್ದು ಯಾರಿಗೆ? ತರಗತಿಗೆಲ್ಲ ಹೆಚ್ಚು ಅಂಕ ಅವಳಿಗೇ. ಮೇಡಂ ನನ್ನನ್ನು ಕೋಣೆಗೆ ಕರೆದು ನೀರು ಕೊಟ್ಟರು. ಮನೆಯವರ ಒಪ್ಪಿಗೆ ಇದೆ ಎಂದು ಅವಳು ಹೇಳಿದಳು, ಅದನ್ನೇ ನಂಬಿದೆ ಎಂದರು. "ಮನೆಯೋರ ಒಪ್ಪಿಗೆ ಐತೆ ಮೇಡಂ. ಮಕ ಯಾರ್ದು?" ಎಂದೆ. ಅವರು ನನ್ನ ಕೈಯ ಖಾಲಿ ಲೋಟ ತೆಗೆದಿಟ್ಟರು. ಅವಳ ಅಂಕವನ್ನು ಮಾತ್ರ ಕಡಿಮೆ ಮಾಡಲಿಲ್ಲ.

ಹೋಟೆಲಿಗೆ ಬಂದಾಗ ಅವ್ವ ದೋಸೆ ಮಗುಚುತ್ತಿದ್ದಳು. ನನ್ನ ಮುಖ ನೋಡಿದೊಡನೆ ಅವಳಿಗೆ ತಿಳಿಯಿತು. ಬೆಚ್ಚಲಿಲ್ಲ, ಸುಳ್ಳೂ ಹೇಳಲಿಲ್ಲ.

"ಹೂಂ, ನಾನೇ ಮಾಡಿಸ್ದೆ. ಅವರಿಗೆ ಕಳಿಸ್ದೋಳೂ ನಾನೇ. ಕನ್ನಡಕ ತೆಗೆಸ್ದೆ, ಹೋಟ್ಲು ತೆಗೆಸ್ದೆ, ನಿನ್ನ ದನಿನೂ ತೆಗೆಸ್ದೆ. ಮೊದ್ಲು ಕೈ ತೋರ್ಸು ಅಂದೋಳು ಯಾರು? ನೀನೇ ಹೇಳಿಕೊಟ್ಟಿದ್ದಲ್ವೇನೇ?"

"ತಲೆ ಮೇಲೆ ಕೈಯಿಟ್ಟಿದ್ಯಲ್ಲವ್ವ!"

"ಇಟ್ಟಿದ್ದೆ. ಹುಡುಗ ಚನ್ನಗಿರಿಯಾಗೆ ಸರ್ಕಾರಿ ಕೆಲಸದಾಗವನೆ. ಮನೆ ಜಗಳೂರು ಕಡೆ ಸೊಕ್ಕೆ ಹತ್ರ, ಕುರಿ, ಹೊಲ ಎಲ್ಲ ಐತೆ. ಇಂಥದ್ದು ಮತ್ತೆ ಬರ್ತೈತಾ? ನನ್ನಂಗೆ ನೀನೂ ಜೀವಮಾನ ಎಲ್ಲ ಗಂಟಲು ಹರ್ಕೋಬೇಕಾ?"

ದಿನಾ ಸಂಜೆ ಮೆಣಸಿನಕಾಯಿ ಸೀಳುತ್ತಾ "ಆಮೇಲೆ?" ಎಂದು ಕೇಳುತ್ತಿದ್ದುದು ನನ್ನ ಓದಿನ ಮೇಲಿನ ಆಸೆಯಿಂದ ಎಂದು ನಂಬಿದ್ದೆ. ಯಾವ ದಿನದಿಂದ ಅದು ಈ ವಿಡಿಯೋಗಾಗಿ ಆಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದೇ ಹೆಚ್ಚು ಉರಿಯುತ್ತದೆ. ಆ ಸಂಜೆಗಳೆಲ್ಲ ನನಗೆ ಹುಳಿಯಾಗಿ ಹೋದವು.

ಭಾನುವಾರ ಅವರು ಬಂದರು. ಹುಡುಗ, ಅವನ ದೊಡ್ಡಮ್ಮ, ಇನ್ನೂ ಒಂದಿಬ್ಬರು ನೆಂಟರು. ಹೋಟೆಲಿಗೆ ಬಾಗಿಲು ಎಳೆದು, ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ ಅವ್ವ ಕೂರಿಸಿದ್ದಳು. ನಾನು ಕನ್ನಡಕ ಹಾಕಿಕೊಂಡೇ ಹೋದೆ. ದೊಡ್ಡಮ್ಮ, "ಏನು ಓದೀಯವ್ವ?" ಎಂದರು. ಅವ್ವ ಕಣ್ಣಲ್ಲೇ ಬೇಡಿಕೊಂಡಳು. ನಾನು ನನ್ನ ಪೂರಾ ಗಂಟಲಲ್ಲಿ ಹೇಳಿದೆ, ಏನು ಓದಿದ್ದೇನೆ, ಮುಂದೆ ಏನು ಓದುತ್ತೇನೆ, ಈಗ ಮದುವೆ ಬೇಡ ಎಂದು. ಹುಡುಗ ಬೆಚ್ಚಿ ಕಾಫಿ ಲೋಟ ಕೆಳಗಿಟ್ಟ.

"ವಿಡಿಯೋದಾಗೆ ಮಾತಾಡಿದ್ದು ನೀನಲ್ವಾ?" ಎಂದ.

"ಅಲ್ರೀ. ನನ್ನ ಗೆಳತಿ."

ದೊಡ್ಡಮ್ಮ ಅವ್ವನ ಕಡೆ ತಿರುಗಿದರು. "ನಾವು ಕುರಿ ಮೇಯಿಸೋ ಜನ ತಾಯಿ. ಗುಡ್ಡದ ಈ ಕಡೆಯಿಂದ ಕರೆದ್ರೆ ಆ ಕಡೆ ಕೇಳಬೇಕು. ನಮಗೆ ದೊಡ್ಡ ಗಂಟಲು ತ್ರಾಸಾಗ್ತಿರಲಿಲ್ಲ. ಓದಸಾಕೂ ಒಪ್ತಿದ್ವೇನೋ. ಆದ್ರೆ ಇಲ್ಲದ ಹುಡುಗೀನ ತೋರ್ಸಿ ಅಷ್ಟು ದೂರದಿಂದ ಕರೆಸಬಾರ್ದಿತ್ತು ನೋಡ್ರಿ." ಕಾಫಿ ಮುಗಿಸಿ, ಮರ್ಯಾದೆಯಿಂದ ಕೈಮುಗಿದು ಎದ್ದರು. ಅವ್ವ ಬಾಗಿಲಲ್ಲಿ ನಿಂತೇ ಇದ್ದಳು. ಅವಳು ಮುಚ್ಚಿಟ್ಟದ್ದು ಅವರಿಗೆ ಬೇಡವಾದದ್ದೇನೂ ಆಗಿರಲಿಲ್ಲ. ನನಗೆ ಗೆದ್ದೆನೆಂದು ಅನ್ನಿಸಲಿಲ್ಲ. ಅವ್ವನನ್ನು ಕಂಡು ಅಯ್ಯೋ ಎನ್ನಿಸಿತು, ಸಿಟ್ಟು ಮಾತ್ರ ಒಂದಿಷ್ಟೂ ಇಳಿಯಲಿಲ್ಲ.

ಈಗ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದೇನೆ. ಹಟ ಹಿಡಿದು ಸೇರಿದೆ, ಅವ್ವ ತಡೆಯಲಿಲ್ಲ. ಗೋವಿನಕೋವಿಯವಳ ನಂಬರನ್ನು ಅಳಿಸಿದ್ದೇನೆ. ಅದು ಸುಲಭವಾಗಿತ್ತು. ಅವ್ವ ಮಾತ್ರ ಆಗಾಗ ಮೊಬೈಲಿಗೆ ದನಿ ಕಳಿಸುತ್ತಾಳೆ, ಹಿಂದೆ ಹೋಟೆಲಿನ ಸಂತೆಯೇ ಇರುತ್ತದೆ. ಮೊನ್ನೆ ಬಂದದ್ದು ಬೇರೆ ಥರ ಇತ್ತು. "ಊಟ ಆಯ್ತೇನವ್ವ? ನಿಂದೇ ಯೋಚ್ನೆ ನಂಗೆ." ಅಷ್ಟೇ. ದನಿ ಮೆಲ್ಲಗಿತ್ತು. ಹಿಂದೆ ಬಸ್ಸಿಲ್ಲ, ಬಾಂಡಲಿಯಿಲ್ಲ. ನನ್ನ ಅವ್ವ ಇಷ್ಟು ಮೆಲ್ಲಗೆ ನನ್ನ ಹತ್ತಿರ ಯಾವತ್ತೂ ಮಾತಾಡಿದವಳಲ್ಲ. ಹಿಂದಿನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಹೇಳಿರಬೇಕು. ಹಿಂದಿನ ಸದ್ದು ಇಲ್ಲವಾದರೆ ತೆಗೆದವರು ಯಾರು ಅಂತ ಕೇಳಿ ಎಂದು ಮೇಡಂ ಹೇಳಿದ್ದು ನೆನಪಾಯಿತು. ಮತ್ತೆ ಮತ್ತೆ ಹಾಕಿ ಕೇಳಿದೆ. ತಡೆಯಲಾಗಲಿಲ್ಲ, ಫೋನ್ ಮಾಡಿದೆ.

"ಅವ್ವಾ, ಈ ಭಾನುವಾರ ಯಾರು ಬರ್ತಾರೆ?"

"ಯಾರೂ ಬರಲ್ಲ ಕಣೇ. ನೆನಪಾತು, ಅದ್ಕೆ," ಎಂದಳು. ಈ ಸಲ ಅವಳು ಗಲ್ಲಾದಲ್ಲೇ ಕೂತಿರಬೇಕು. ಹಿಂದೆ ಬಸ್ಸಿನ ಹಾರ್ನು ಕೇಳುತ್ತಿತ್ತು, ಬಾಂಡಲಿಯ ಸದ್ದೂ ಕೇಳುತ್ತಿತ್ತು. ಆದರೂ ನಾನು ನಂಬಲಿಲ್ಲ.