ಅಟ್ಟದಿಂದ ಇಳಿಯದ ಕಾಯಿ

ಶೆಟ್ಟಿಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ತೋಂಟದಾರ್ಯ ಮೇಷ್ಟ್ರು ಇಂಗ್ಲಿಷ್ ಕಲಿಸುತ್ತಿದ್ದ ರೀತಿಯೇ ಬೇರೆ. ಇಂಗ್ಲಿಷಿನಲ್ಲಿ ಕಥೆ ಹೇಳುವಾಗ ನಡೆಯುತ್ತಾ ಇದ್ದದ್ದಕ್ಕೆ ಕ್ರಿಯಾಪದದ ಒಂದು ರೂಪ, ನಡೆದು ಮುಗಿದದ್ದಕ್ಕೆ ಇನ್ನೊಂದು. ಇದು ಮಕ್ಕಳ ತಲೆಗೆ ಹತ್ತಲೆಂದು ಅವರು ಹಿಡಿದದ್ದು ಅಟ್ಟವನ್ನು. "ಅಟ್ಟದ ಮೇಲೆ ಕಾಯಿ ಒಣಗ್ತಾ ಇತ್ತು, ಅದು ವಾಸ್ ಡ್ರೈಯಿಂಗ್. ಒಂದಿನ ಇಳೀತು, ಮುಗೀತು. ಅದು ಕೇಮ್ ಡೌನ್." ಹನ್ನೊಂದು ತಿಂಗಳು ಕಾಯಿ ಒಣಗಿಸಿ ಕೊಬ್ಬರಿ ಮಾಡುವ ಮನೆಗಳ ಮಕ್ಕಳು ಥಟ್ಟನೆ ಹಿಡಿಯುತ್ತಿದ್ದರು. ಮೇಷ್ಟ್ರಿಗೆ ಇದರ ಬಗ್ಗೆ ಕೊಂಚ ಜಂಬವೂ ಇತ್ತು. ಇರಲಿ ಬಿಡಿ, ಜಂಬಪಡಲು ಅವರಿಗಾದರೂ ಬೇರೇನಿತ್ತು?

೧೯೭೯ರಲ್ಲಿ ಚಿಕ್ಕಗೌರಮ್ಮ ಎಂಬ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾದಳು. ಅಕ್ಟೋಬರ್ ಪರೀಕ್ಷೆಯಲ್ಲೂ ಹೋದರೆ ಓದು ಸಾಕು, ಮದುವೆ ಎಂದು ಅಪ್ಪ ಮಾಯಣ್ಣ ಹೇಳಿಬಿಟ್ಟಿದ್ದ. ಅವಳಿಗೋ ಟೀಚರ್ ಟ್ರೈನಿಂಗ್ ಸೇರುವ ಆಸೆ. ಮೇಷ್ಟ್ರು ಸಂಜೆ ಪಾಠಕ್ಕೆ ಕೂರಿಸಿಕೊಂಡರು. ತಾಯಿ ಇಲ್ಲದವಳೆಂದು ಗೊತ್ತಿತ್ತು, ಹೇಗೆ ತೀರಿಕೊಂಡಳೆಂದು ಕೇಳಿರಲಿಲ್ಲ.

ಅಟ್ಟದ ಕಥೆ ಬರಿಯಮ್ಮ ಎಂದರೆ, 'ಅವ್ವ ಅಟ್ಟದಿಂದ ಕಾಯಿ ಇಳಿಸುತ್ತಾ ಇದ್ದಳು' ಎಂದು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಒಂದು ಸಾಲು ಬರೆಯುವಳು. ಆಮೇಲೆ ಪೆನ್ನು ಓಡದು. ನಾಲ್ಕನೇ ದಿನ ಮೇಷ್ಟ್ರು ಸಿಡುಕಿದರು.

"ಆಮೇಲೇನಾಯ್ತು ಅಂತ ಒಂದ್ ಸಾಲು ಬರಿಯಕ್ಕೇನಮ್ಮ? ಕೈಗೆ ಲಕ್ವ ಹೊಡೆದೈತಾ?"

ಮರುದಿನದಿಂದ ಅವಳು ಬರಲಿಲ್ಲ. ಮೂರು ದಿನ ನೋಡಿ ಮೇಷ್ಟ್ರು ಸೈಕಲ್ ಹತ್ತಿ ಅವಳ ಮನೆಗೆ ಹೋದರು. ಮಾಯಣ್ಣ ಚೊಂಬಿನಲ್ಲಿ ನೀರು ಕೊಟ್ಟ. ಮಗಳು ಪಾಠಕ್ಕೆ ಯಾಕೆ ಬರುತ್ತಿಲ್ಲ ಎಂದರೆ ಅವನು ಅಟ್ಟದ ಕಡೆ ನೋಡಿದ.

"ಇವರವ್ವ ಕಾಯಿ ಇಳಿಸ್ತಾ ಏಣಿಯಿಂದ ಬಿದ್ದು ತೀರ್ಕಂಡ್ಲು ಮೇಷ್ಟ್ರೇ. ಕೆಳಗೆ ಏಣಿ ಹಿಡ್ಕಂಡಿದ್ದೋಳು ಇವಳೇ. ಎರಡು ವರ್ಷ ಆಯ್ತು, ಯಾರೂ ಹತ್ತಿಲ್ಲ. ಕಾಯಿ ಅಲ್ಲೇ ಐತೆ."

ಮೇಷ್ಟ್ರು ಚೊಂಬನ್ನು ಕೆಳಗಿಟ್ಟರು. ಇಷ್ಟು ವರ್ಷ ಮೆರೆಸಿದ ಅಟ್ಟದಿಂದಲೇ ಈ ಮಗುವನ್ನು ಹಿಂಸಿಸಿದೆನಲ್ಲ ಎಂದು ಸಂಕಟವಾಯಿತು, ನಾಚಿಕೆಯೂ ಆಯಿತು. ಬಾಗಿಲ ಮರೆಯಲ್ಲಿ ನಿಂತಿದ್ದವಳಿಗೆ ಹೇಳಿದರು: "ತಪ್ಪಾಯ್ತು ಕಣವ್ವ. ಅಟ್ಟದ ಮಾತು ಬುಡು, ಬೇರೆ ಕಥೆ ಬರಿ."

"ಆ ಸಾಲ್ನಲ್ಲಿ ಅವ್ವ ಇನ್ನೂ ಏಣಿ ಮೇಲವ್ಳೆ ಸಾ," ಎಂದಳು ಹುಡುಗಿ. "ಅದಕ್ಕೇ ಮುಂದಕ್ಕೆ ಬರೀಲಿಲ್ಲ."

ಆಮೇಲೆ ಅವಳೇ ಹಿತ್ತಲಿನಿಂದ ಏಣಿ ಎಳೆದು ತಂದು ಅಟ್ಟಕ್ಕೆ ಒರಗಿಸಿದಳು. ಮಾಯಣ್ಣ ಕೂತಲ್ಲೇ ಮುಖ ತಿರುಗಿಸಿದ. ಮೇಷ್ಟ್ರು ಎದ್ದು ಎರಡೂ ಕೈಯಲ್ಲಿ ಏಣಿ ಹಿಡಿದರು. ಅವಳು ಹತ್ತಿ, ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಕೊಬ್ಬರಿ ಗಡಗಡ ಎಂದಿತು. ಅದನ್ನು ಮಡಿಲಿಗೆ ಹಾಕಿಕೊಂಡು ಮೆಲ್ಲಗೆ ಇಳಿದಳು.

ಅಕ್ಟೋಬರಿನಲ್ಲಿ ಅವಳು ಪಾಸಾದಳು. ಮೇಷ್ಟ್ರು ಮತ್ತೆಂದೂ ತರಗತಿಯಲ್ಲಿ ಅಟ್ಟದ ಮಾತೆತ್ತಲಿಲ್ಲ. ರಿಟೈರಾದ ಮೇಲೂ ಅವರು ಮರೆಯದಿದ್ದದ್ದು, ಕಾಯಿ ಇಳಿಸಿದ ಮರುದಿನ ಸಂಜೆ ಅವಳು ತಂದು ತೋರಿಸಿದ ನೋಟ್‌ಬುಕ್ಕು. ಹಳೆಯ ಸಾಲಿನ ಕೆಳಗೆ ಅವ್ವ ಬಿದ್ದಳು ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಅದರ ಕೆಳಗೆ, ಯಾರೂ ಕೇಳದ ಮೂರನೆಯ ಸಾಲು: ನಾನು ಏಣಿ ಹಿಡಿದುಕೊಂಡೇ ಇದ್ದೆ.