ಬೋರ್‌ವೆಲ್ ಪೈಪಿನ ಕಮಾನು

ತಮ್ಮನ ಕಾರಿಗೆ ಕಬ್ಬಿಣದ ಕಮಾನು ಕೂರಿಸಿದ್ದು ಮೂರು ಭಾನುವಾರಗಳ ಕೆಲಸ ಎಂದು ನನ್ನ ನೆನಪು. ಡೈರಿಯಲ್ಲಿ ಐದು ಭಾನುವಾರಗಳಿವೆ. ದಣಿದವನ ನೆನಪು ತಾನಾಗಿಯೇ ದಿನಗಳನ್ನು ನುಂಗುತ್ತದೋ, ತಪ್ಪನ್ನು ಚಿಕ್ಕದು ಮಾಡಿಕೊಳ್ಳಲು ನಾನೇ ಲೆಕ್ಕದಿಂದ ಎರಡು ವಾರ ಕಳೆದೆನೋ, ಹೇಳಲಾರೆ. ಹಾಗಾಗಿ ಇದನ್ನು ಡೈರಿ ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಅದು ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ತಲೆಯ ಮೇಲೆ ಮಡಚುವ ಬಟ್ಟೆಯ ಹೊದಿಕೆ ಬಿಟ್ಟರೆ ಇನ್ನೇನೂ ಇಲ್ಲ. ಯಳಂದೂರಿನ ಹತ್ತಿರ ನಾಲೆಯ ತಿರುವಿನಲ್ಲಿ ತಮ್ಮ ಒಮ್ಮೆ ಅದನ್ನು ಗದ್ದೆಗೆ ಮಗುಚಿದ್ದ. ನೀರು ಕಟ್ಟಿ ಉತ್ತಿದ್ದ ಗದ್ದೆಯಾದ್ದರಿಂದ ತಲೆ ಕೆಸರಿನಲ್ಲಿ ಹೂತು ಬದುಕಿಕೊಂಡ. ಅಂದಿನಿಂದ ಅವನ ಹೆಂಡತಿ ಆ ಕಾರು ಹತ್ತಲಿಲ್ಲ. ಅವನಿಗೋ ಅವಳನ್ನು ಅದರಲ್ಲೇ ಮಹದೇಶ್ವರ ಬೆಟ್ಟಕ್ಕೆ ಕರೆದೊಯ್ಯುವ ಹಟ. ಕೊನೆಗೆ ಅವಳು ನನ್ನ ಹತ್ತಿರ ಬಂದು, “ಇವ್ರ ಮಾತ್ ನಾ ನಂಬಕಿಲ್ಲ ಭಾವ. ತಲೆ ಮ್ಯಾಲೆ ಏನಾರ ಗಟ್ಟಿದು ಆಕ್ಸಿ. ನೀವು ಊಂ ಅಂದ್ರೆ ಕೂತ್ಕತೀನಿ” ಅಂದಳು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಸೀಟುಗಳ ಹಿಂದೆ, ತಲೆಗಿಂತ ನಾಲ್ಕು ಬೆರಳು ಎತ್ತರಕ್ಕೆ ಒಂದು ಕಮಾನು. ಅದಕ್ಕೆ ಹಿಂದಿನಿಂದ ಆಸರೆಗೆ ಎರಡು ಊರುಗಾಲು, ಬುಡಕ್ಕೆ ದಪ್ಪ ತಗಡು, ಬೋಲ್ಟು. ಹೀಗೆ ಚಿತ್ರ ಬರೆದುಕೊಂಡು ಹೋದೆ. ಕೊಳ್ಳೇಗಾಲದ ವೆಲ್ಡರ್ ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಪಕ್ಕಕ್ಕಿಟ್ಟ. ತಮ್ಮನನ್ನು ಸೀಟಿನಲ್ಲಿ ಕೂರಿಸಿ, ಅವನ ತಲೆ ಭುಜದ ಸುತ್ತ ತೆಳು ಕಂಬಿ ಬಗ್ಗಿಸಿ ಅಳತೆ ತೆಗೆದ.

“ಕಾಗ್ದ ಬಂದು ಕಾರಲ್ಲಿ ಕೂರಕಿಲ್ಲ ಸಾ, ಮನ್ಸ ಕೂರದು.”

ಪೈಪು ಮಾತ್ರ ನಮ್ಮದೇ. ಬತ್ತಿದ ಬೋರ್‌ವೆಲ್‌ನಿಂದ ಎತ್ತಿದ ಪೈಪನ್ನು ನಮ್ಮ ಕಡೆ ಯಾರೂ ಎಸೆಯುವುದಿಲ್ಲ. ಚಪ್ಪರಕ್ಕೆ, ಗೇಟಿಗೆ, ದನದ ಕೊಟ್ಟಿಗೆಗೆ ಅದೇ ಆಗಬೇಕು. ಶಾಗ್ಯದ ಹೊಲದಲ್ಲಿ ಎತ್ತಿಟ್ಟಿದ್ದ ಪೈಪು ತಂದು ಕೊಯ್ಯಿಸಿದೆವು. ಕೊಯ್ದ ತುದಿಗೆ ಕಾಲೇಜಿನ ವರ್ನಿಯರ್ ಹಿಡಿದು ನೋಡಿದರೆ ನಾಲ್ಕೂವರೆ ಮಿಲಿಮೀಟರ್ ದಪ್ಪ. ಖುಷಿಯಾಯಿತು. ಮಗುಚಿದ ಕಾರಿನ ಭಾರವನ್ನು ಇದು ತಡೆಯುತ್ತದೆಂದು ಎರಡು ಪುಟ ಲೆಕ್ಕ ಮಾಡಿದೆ.

ಕಾಯಿಸಿ ಬಗ್ಗಿಸುವಾಗ ಚಪ್ಪಟೆಯಾಗದಂತೆ ಪೈಪಿನೊಳಗೆ ಮರಳು ತುಂಬಬೇಕು. ಹಸಿ ಮರಳು ಕಾದರೆ ಸಿಡಿಯುತ್ತದೆಂದು ವೆಲ್ಡರ್ ಕಡಲೆಪುರಿ ಭಟ್ಟಿಯಿಂದ ಹುರಿದು ಹುರಿದು ಕಪ್ಪಾದ ಮರಳು ತಂದ. ಬಗ್ಗಿಸಿದ ಮೇಲೆ ಸುರಿದಾಗ ಆ ಕಪ್ಪಿನ ಜೊತೆ ಬೂದು ಬಣ್ಣದ ಚಕ್ಕೆಗಳೂ ಉದುರಿದವು, ಬೊಗಸೆ ತುಂಬುವಷ್ಟು.

“ಪುರಿಯವ್ನು ಕಡ್ಲೆ ಸಿಪ್ಪೆನೂ ಸೇರ್ಸಿ ಕೊಟ್ಟವ್ನಾ?” ಎಂದು ತಮ್ಮ ನಕ್ಕ.

“ಸಿಪ್ಪೆಯಲ್ಲ ಕಣ್ರಿ, ಗಡಸು ನೀರಿನ್ ಸುಣ್ಣ. ಪೈಪ್ ಒಳ್ಗೆ ಕಟ್ಕಂಡಿರ್ತದೆ,” ಅಂದ ವೆಲ್ಡರ್.

ಆ ದಿನದ ಡೈರಿಯಲ್ಲಿ ‘ಸುಣ್ಣದ ಚಕ್ಕೆ ಬಿತ್ತು’ ಎಂದಷ್ಟೇ ಇದೆ. ನಾನು ಅಳೆದ ನಾಲ್ಕೂವರೆಯಲ್ಲಿ ಕಬ್ಬಿಣವೆಷ್ಟು, ಸುಣ್ಣವೆಷ್ಟು ಎಂಬ ಪ್ರಶ್ನೆ ಆಗಲೇ ಎದ್ದಿತ್ತೇ? ಎದ್ದಿರಲಿಲ್ಲ ಎಂದು ಸ್ಪಷ್ಟವಾಗಿ ನೆನಪಿದೆ. ಅಷ್ಟೊಂದು ಸ್ಪಷ್ಟವಾಗಿರುವುದೇ ಅನುಮಾನ ತರುತ್ತದೆ. ಉತ್ತರಪತ್ರಿಕೆ ತಿದ್ದುವ ದಿನಗಳು, ಸೊಂಟನೋವು ಬೇರೆ. ಹೇಗಾದರೂ ಮುಗಿದರೆ ಸಾಕಾಗಿತ್ತು. ಕೂರಿಸಿ ಬಣ್ಣ ಹೊಡೆದಾಗ ತಮ್ಮ ಕಮಾನಿಗೆ ಜೋತುಬಿದ್ದು ತೋರಿಸಿದ. ಕಾರು ಅಲ್ಲಾಡಿತು, ಕಮಾನು ಅಲ್ಲಾಡಲಿಲ್ಲ. ನಾನು ತಮ್ಮನ ಹೆಂಡತಿಗೆ ಊಂ ಅಂದೆ.

ಮರುದಿನ ಸೋಮವಾರ ಬೆಳಿಗ್ಗೆ ಧನಗೆರೆಯ ನಮ್ಮ ಮನೆ ಮುಂದೆ ಅವಳು ಪೂಜೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಕತ್ತೆತ್ತಿ ಕಮಾನು ನೋಡಿದಳು. “ಊಂ ತಾನೆ ಭಾವ?”

ಬೊಗಸೆ ತುಂಬಿದ್ದ ಸುಣ್ಣದ ಚಕ್ಕೆ ನೆನಪಾಯಿತು. ಒಳಗೆ ಹೋಗಿ ಡ್ರಿಲ್ಲಿಂಗ್ ಮಿಷನ್ ತಂದೆ.

“ಅಣ್ಣ, ಬಣ್ಣ ಇನ್ನೂ ಅಂಟ್ತಾ ಅದೆ, ತೂತ ಒಡೀತೀಯಲ್ಲ!” ಎಂದು ತಮ್ಮ ಕೂಗಿದ. ನಾನು ಕಮಾನಿನ ಬಾಗಿದ ಜಾಗಕ್ಕೆ ಇಟ್ಟು ಒತ್ತಿದೆ. ಒತ್ತಿದ್ದೇ ಒಳಕ್ಕೆ ಹೋಯಿತು. ಕೊಕ್ಕೆ ಮಾಡಿದ ತಂತಿ ತೂರಿಸಿ ದಪ್ಪ ಅಳೆದೆ. ಎರಡು ಮಿಲಿಮೀಟರ್ ಕೂಡ ಇರಲಿಲ್ಲ. ಪೈಪು ಕೊಯ್ಯಿಸಿದ ದಿನ ಗರಗಸ ಕಬ್ಬಿಣವನ್ನೂ ಸುಣ್ಣವನ್ನೂ ಒಂದೇ ಸಮ ಕೊಯ್ದಿತ್ತು, ನಾನು ಎರಡನ್ನೂ ಸೇರಿಸಿ ಅಳೆದಿದ್ದೆ.

“ಇಳಿಯವ್ವ,” ಅಂದೆ.

“ನಿಧಾನುಕ್ಕೆ ಓಯ್ತೀನಿ ಕಣಣ್ಣ,” ಅಂದ ತಮ್ಮ.

“ಲೇ, ನೀ ನಿಧಾನುಕ್ಕೆ ಓಗನಾಗಿದ್ರೆ ಇದ್ಯಾಕ್ಲಾ ಬೇಕಿತ್ತು?”

ಅವಳು ಇಳಿದು ಸೆರಗು ಸರಿಮಾಡಿಕೊಂಡಳು. “ಅಂಗಾರೆ ನಿನ್ನೆ ಊಂ ಅಂದಿದ್ದು ಯಾಕ್ ಭಾವ?”

“ಸಾಕಾಗೋಗಿತ್ತು ಕಣವ್ವ.”

ಅವಳು ಚೀಲ ಹಿಡಿದು ಬೆಟ್ಟದ ದಾರಿಯ ಹನೂರಿನ ಬಸ್ಸಿಗೆ ನಡೆದಳು. ತಮ್ಮ ಗೊಣಗುತ್ತ ಹಿಂದೆ ಹೋದ. ನಾನು ಸ್ಪ್ಯಾನರ್ ತಂದು ಬೋಲ್ಟು ಬಿಚ್ಚಲು ಕೂತೆ. ಹನ್ನೆರಡರಲ್ಲಿ ಮೂರು ಏನು ಮಾಡಿದರೂ ಬರಲಿಲ್ಲ. ಅವನ್ನು ಗರಗಸದಲ್ಲಿ ಕೊಯ್ಯುವಷ್ಟರಲ್ಲಿ ಮಧ್ಯಾಹ್ನವಾಯಿತು.