ಪರಿಮಳಕ್ಕೆ ಮುಖ ತಿರುಗಿಸುವವಳು

ಆ ಬೇಕರಿ ಮನೆಯ ಹಿರಿಯ ಸೊಸೆಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಓರಗಿತ್ತಿ ಕಾಲಿಟ್ಟ ವಾರದಲ್ಲೇ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಅವಳ ಮುಖ ನೋಡಿದವರಿಗೆಲ್ಲ ಗೊತ್ತಿತ್ತು. ಇಷ್ಟು ವರ್ಷ ಹಿಟ್ಟು ನಾದಿ ನಾದಿ ಇವಳ ರಟ್ಟೆ ಬಿದ್ದುಹೋಗಿತ್ತು. ನಿನ್ನೆ ಮೊನ್ನೆ ಬಂದವಳು ಗಲ್ಲಾದ ಹಿಂದೆ ನಿಂತು ನಕ್ಕರೆ ಸಾಕು, ಗಿರಾಕಿಗಳು ಒಂದು ಬನ್ನು ಕೊಳ್ಳುವಲ್ಲಿ ಎರಡು ಕೊಳ್ಳುತ್ತಿದ್ದರು. ‘ನನ್ನ ಕಿರಿ ಸೊಸೆ ಚಿನ್ನ’ ಎಂದು ಅತ್ತೆ ಬಂದವರ ಮುಂದೆಲ್ಲ ಹೊಗಳುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ, ನೋಡಿ.

ಅತ್ತೆಗೆ ಮಂಡಿನೋವು. ಇನ್ನು ಒಲೆಯನ್ನು ಸೊಸೆಯರಲ್ಲಿ ಒಬ್ಬಳಿಗೆ ಒಪ್ಪಿಸುವ ಯೋಚನೆಯಲ್ಲಿದ್ದಳು. ಆ ಮನೆಯಲ್ಲಿ ಒಲೆ ಯಾರ ಕೈಲಿದೆಯೋ ಮಾತು ಅವರದು. ಗಡಿಯಾರ ನೋಡಿ ಬ್ರೆಡ್ಡು ತೆಗೆಯುವ ಪದ್ಧತಿ ಅಲ್ಲಿರಲಿಲ್ಲ. ಪರಿಮಳ ಹದಕ್ಕೆ ಬಂದಾಗ ಒಲೆಯ ಬಾಗಿಲು ತೆಗೆಯಬೇಕು, ಅಷ್ಟೇ.

ಬಾಗಿಲು ತೆಗೆದರೆ ಬೀದಿಗೆ ಬೀದಿಯೇ ಮೂಗರಳಿಸುತ್ತಿತ್ತು. ಕಿರಿಯವಳು ಮಾತ್ರ ಮುಖ ತಿರುಗಿಸಿ ಹೊರಗೆ ನೋಡುತ್ತ ನಿಲ್ಲುತ್ತಿದ್ದಳು. ಹಿರಿಯವಳಿಗೆ ಅದೇ ಸಾಕಾಯಿತು. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಸಾಕು ತಾನೆ?

‘ನಮ್ಮ ಬ್ರೆಡ್ಡಿನ ವಾಸನೆ ಮಹಾರಾಣಿಗೆ ಆಗಲ್ಲ. ನಮ್ಮ ಕಸುಬು ಕಂಡ್ರೇ ಅಸಹ್ಯ ಅವಳಿಗೆ’ ಎಂದು ಗಂಡನ ಕಿವಿ ಕಚ್ಚಿದಳು.

‘ಅವಳ ಮೂತಿ ನೋಡೋದು ಬಿಟ್ಟು ನಿನ್ನ ಹಿಟ್ಟು ನೋಡ್ಕೋ’ ಎಂದ ಗಂಡ.

ಒಂದು ಬೆಳಿಗ್ಗೆ ಅತ್ತೆ ಡಾಕ್ಟರ ಹತ್ತಿರ ಹೋಗಿದ್ದಳು. ಹಿರಿಯವಳು ಬ್ರೆಡ್ಡನ್ನು ಒಲೆಗೆ ತಳ್ಳಿ, ‘ನಾನು ಹಿತ್ತಲಲ್ಲಿ ತಟ್ಟೆ ತೊಳೀತೀನಿ. ವಾಸನೆ ಬಂದಾಗ ನೀನೇ ತೆಗಿ’ ಎಂದು ಹೊರಟಳು. ಹಿತ್ತಲಿಗೂ ಪರಿಮಳ ಬಂತು. ಹದ ಮೀರಿತು. ಆಮೇಲೆ ಸೀದ ವಾಸನೆಯೂ ಬಂತು. ಇವಳು ಅಲುಗಲಿಲ್ಲ. ಸುಡಲಿ, ಆ ಚಿನ್ನದ ಬಣ್ಣ ಅತ್ತೆಗೂ ತಿಳಿಯಲಿ! ಹಾಲು ಕುಡಿದಷ್ಟು ಸಂತೋಷವಾಯಿತು ಅವಳಿಗೆ.

ಕಿಟಕಿಯಿಂದ ಹೊಗೆ ಬಂದ ಮೇಲೆ ಒಳಗೆ ಓಡಿದಳು. ಕಿರಿಯವಳು ಕರಕಲಾದ ಬ್ರೆಡ್ಡಿನ ಮುಂದೆ ಕೂತು ಅಳುತ್ತಿದ್ದಳು.

‘ಇಷ್ಟು ಸೀದ ವಾಸನೆ ಹೊಡೀತಿದೆ, ಗೊತ್ತಾಗ್ಲಿಲ್ವಾ?’

‘ನಂಗೆ ಯಾವ ವಾಸನೆನೂ ಗೊತ್ತಾಗಲ್ಲ ಅಕ್ಕ. ಚಿಕ್ಕವಳಿದ್ದಾಗ ಜ್ವರ ಬಂದು ಮೂಗಿನ ಶಕ್ತಿನೇ ಹೋಗ್ಬಿಡ್ತು. ಬೇಕರಿ ಮನೆಗೆ ಇಂಥ ಸೊಸೆ ಯಾಕೆ ಅಂತಾರೆ ಅಂತ ಬಾಯಿ ಬಿಟ್ಟಿರ್ಲಿಲ್ಲ. ಒಲೆ ಕಡೆ ಕಣ್ಣು ಬಿಟ್ಕೊಂಡೇ ಇದ್ದೆ, ಆದ್ರೂ ಹೊಗೆ ಬರೋವರ್ಗೂ ತಿಳೀಲಿಲ್ಲ.’

‘ಮತ್ತೆ ದಿನಾ ಮುಖ ತಿರುಗಿಸ್ತಿದ್ದೆಯಲ್ಲ?’

‘ಒಲೆ ತೆಗೆದಾಗ ನೀವು ಕಣ್ಣು ಮುಚ್ಚಿ ಉಸಿರೆಳ್ಕೊತೀರಲ್ಲ, ಆ ಮುಖ ನೋಡೋಕೆ ಆಗ್ತಿರ್ಲಿಲ್ಲ. ಹೊಟ್ಟೆ ಉರೀತಿತ್ತು ಅಕ್ಕ.’

ಹಿರಿಯವಳು ಹಿಟ್ಟಿನ ಮೂಟೆಯ ಮೇಲೆ ಧೊಪ್ಪನೆ ಕೂತಳು. ತನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳುವವರೂ ಇರಬಹುದೆಂದು ಅವಳಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಸುಳ್ಳೇಕೆ, ಒಂದಿಷ್ಟು ಹಿತವೂ ಆಯಿತು.

ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಬಂದಳು. ‘ಯಾರಮ್ಮ ಒಲೆ ಹತ್ರ ಇದ್ದದ್ದು?’

ಈ ಪ್ರಶ್ನೆಗಾಗಿಯೇ ಹಿರಿಯವಳು ಬೆಳಗಿನಿಂದ ಕಾದಿದ್ದಳು. ಒಂದು ಮಾತು ಹೇಳಿದರೆ ಒಲೆ ತನ್ನದು. ಕಿರಿಯವಳು ತಲೆ ತಗ್ಗಿಸಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

‘ನಾನು ಹಿತ್ತಲಲ್ಲಿದ್ದೆ ಅತ್ತೆ’ ಎಂದಳು ಹಿರಿಯವಳು. ‘ವಾಸನೆ ಬಂತು. ಬೇಕಂತಲೇ ಒಳಗೆ ಬರಲಿಲ್ಲ.’